ಪಿಕಪ್ ಚಾಸಿಗೆ ತುಕ್ಕು ಹಿಡಿದಿದ್ದರೆ ವೆಲ್ಡಿಂಗ್‌ಗೆ ಮೊದಲು ಕೆಸರು ತೆಗೆಯಿರಿ

ನಮ್ಮ ಕೋಲಾರಕ್ಕೆ ಸಮುದ್ರ ಇಲ್ಲ. ಮಳೆಯೂ ಅಷ್ಟಕ್ಕಷ್ಟೇ. ಹಾಗಿದ್ದೂ ಹತ್ತು ಹದಿನೈದು ವರ್ಷ ಓಡಿದ ಬೊಲೆರೊ ಪಿಕಪ್ಪೋ ಟಾಟಾ 207ಓ ಸಿಕ್ಕಿದರೆ ಒಂದು ಸಲ ಕೆಳಗೆ ನುಗ್ಗಿ ನೋಡಿ, ಚಾಸಿಯ, ಅಂದರೆ ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟಿನ ಹಿಂಭಾಗ ಪದರ ಪದರವಾಗಿ ಎದ್ದಿರುತ್ತದೆ. ಯಾಕೆ ಅಂತ ಕೇಳಿದರೆ "ಹಳೇ ಗಾಡಿ ಅಲ್ವಾ" ಅಂತ ಎಲ್ಲರೂ ಹೇಳುತ್ತಾರೆ. ವಯಸ್ಸು ಅಷ್ಟು ದೊಡ್ಡ ಕಾರಣ ಅಲ್ಲ. ನಾವು ಹೇರುವ ಲೋಡು ಕಾರಣ, ಆ ಲೋಡಿನಿಂದ ಇಳಿದ ನೀರು ಎಲ್ಲಿ ನಿಲ್ಲುತ್ತದೆ ಅನ್ನೋದು ಕಾರಣ.

ಟೊಮೆಟೊ ಸೀಸನ್ ತಗೊಳ್ಳಿ. 15 ಕೆಜಿ ಕ್ರೇಟ್ ಒಂದರ ಮೇಲೊಂದು ಪೇರಿಸಿ ಎಪಿಎಂಸಿಗೆ ಹೊರಟರೆ ಕೆಳಗಿನ ಸಾಲಿನ ಹಣ್ಣು ಒಂದಷ್ಟು ಒಡೆದೇ ಒಡೆಯುತ್ತದೆ, ಆ ರಸ ಡೆಕ್ಕಿನ (ಲೋಡ್ ಹೇರುವ ತಳದ) ಸಂದಿಯಿಂದ ಜಿನುಗಿ ಸೀದಾ ಚಾಸಿ ಮೇಲೆ ಬೀಳುತ್ತದೆ. ಟೊಮೆಟೊ ರಸ ಹುಳಿ. ಪಿಎಚ್ ಲೆಕ್ಕದಲ್ಲಿ 4ರಿಂದ 4.5ರ ಆಸುಪಾಸು. ವಾಪಸ್ ಬರುವಾಗ ಖಾಲಿ ಯಾಕೆ ಬರಬೇಕು ಅಂತ ಗೊಬ್ಬರದ ಚೀಲ ಹಾಕಿಕೊಳ್ಳುತ್ತೀರಿ. ಅದರಲ್ಲಿ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಕಡಲ ತೀರದ ಗಾಡಿಗಳನ್ನು ತಿನ್ನುವ ಉಪ್ಪಿನಲ್ಲಿ ಇರುವುದೂ ಇದೇ ಕ್ಲೋರೈಡ್. ಇದರ ಮೇಲೆ ಕೋಳಿ ಗೊಬ್ಬರದ ಟ್ರಿಪ್ಪು, ಹಸಿ ಸೊಪ್ಪು, ಹಾಲಿನ ಕ್ಯಾನು. ಕೊನೆಗೆ ಗಾಡಿ ತೊಳೆಯಲು ಬೋರ್‌ವೆಲ್ ನೀರು. ನಮ್ಮ ಕಡೆ ಎಷ್ಟೋ ಬೋರ್‌ಗಳ ನೀರು ಗಡಸು, ಒಣಗಿದ ಮೇಲೆ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಚಾಸಿ ಮೇಲೂ ಕಟ್ಟುತ್ತದೆ.

ಇಷ್ಟಾದರೂ ಒಣಗಿದ್ದರೆ ಕಬ್ಬಿಣ ತಡೆದುಕೊಳ್ಳುತ್ತಿತ್ತು. ಒಣಗಲು ಬಿಡದೆ ಇರುವುದು ಕೆಂಪು ಮಣ್ಣು. ತೋಟದ ದಾರಿಯ ಕೆಸರು ಚಕ್ರದಿಂದ ಎರಚಿ ಚಾನಲ್ (ಚಾಸಿಯ ಉದ್ದ ತೊಲೆ) ಒಳಗೆ ಕೂರುತ್ತದೆ, ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಮಾತ್ರ ವಾರಗಟ್ಟಲೆ ತಂಪು. ಅದರಲ್ಲಿ ಗೊಬ್ಬರದ ಉಪ್ಪು ಬೆರೆತಿರುತ್ತದೆ. ಹಾಗಾಗಿ ನನ್ನ ಮಾತು ಇಷ್ಟೇ: ನೀರು ನಿಲ್ಲುವ ಜಾಗ ಹುಡುಕದೆ ಪ್ಲೇಟ್ ಹೊಡೆಸಿದರೆ ಎರಡು ಮೂರು ಮಳೆಗಾಲಕ್ಕೆ ಆ ಪ್ಲೇಟಿನ ಪಕ್ಕದಲ್ಲೇ ಮತ್ತೆ ತೂತು ಬೀಳುತ್ತದೆ. ವೆಲ್ಡರ್‌ಗೆ ಬೈದು ಪ್ರಯೋಜನ ಇಲ್ಲ.

ಯಾವಾಗ ಮಾಡಬೇಕು

ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಶ್ರೀನಿವಾಸಪುರದ ಮಾವು ಇನ್ನೂ ಶುರುವಾಗಿರುವುದಿಲ್ಲ, ಗಾಡಿಗೆ ಬಾಡಿಗೆ ಕಡಿಮೆ, ಬಿಸಿಲು ಚೆನ್ನಾಗಿರುತ್ತದೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಟೈಮಲ್ಲಿ ಚಾಸಿಗೆ ಪೇಂಟ್ ಹೊಡೆಯಲು ಹೋಗಬೇಡಿ, ತೇವದ ಮೇಲೆ ಹೊಡೆದ ಪೇಂಟ್ ನಿಲ್ಲುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಾಡುವುದಾದರೆ ಬೆಳಗ್ಗೆ ಮಂಜು ಬಿದ್ದು ಕಬ್ಬಿಣ ಒದ್ದೆಯಾಗಿರುತ್ತದೆ, ಹನ್ನೊಂದು ಗಂಟೆ ಮೇಲೆ ಕೆಲಸ ಶುರು ಮಾಡಿ ಬಿಸಿಲು ಇಳಿಯುವ ಮುಂಚೆ ಮುಗಿಸಿ.

ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ತಾರೀಖು ನೋಡಿಕೊಳ್ಳಿ. ಸರಕು ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಎಫ್‌ಸಿ ಹಿಂದಿನ ದಿನ ಕಪ್ಪು ಪೇಂಟ್ ಬಳಿಸಿಕೊಂಡು ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಮೇಲೆ ತಳುಕು, ಒಳಗೆ ಹುಳುಕು. ಎಫ್‌ಸಿ ಏನೋ ಆಗಬಹುದು, ಆದರೆ ಒಂದೂವರೆ ಟನ್ ಲೋಡ್ ಹೊತ್ತು ಹೆದ್ದಾರಿಯಲ್ಲಿ ಹೋಗುವಾಗ ಪಟ್ಟೆಯನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಹಿಡಿದಿರುವ ಹ್ಯಾಂಗರ್ ಕಿತ್ತುಕೊಂಡರೆ ಆ ಸರ್ಟಿಫಿಕೇಟ್ ಹಿಡಿದು ನಿಲ್ಲಿಸುವುದಿಲ್ಲ.

ಮೊದಲು ತೊಳೆಯಿರಿ, ಆಮೇಲೆ ತಟ್ಟಿ

ಕೆಸರು ಇರುವಾಗ ಏನೂ ಗೊತ್ತಾಗುವುದಿಲ್ಲ. ಪ್ರೆಷರ್ ವಾಷರ್ ಇರುವ ಸರ್ವಿಸ್ ಸ್ಟೇಷನ್‌ಗೆ ಕೊಂಡೊಯ್ದು ರ‍್ಯಾಂಪ್ ಮೇಲೆ ಹತ್ತಿಸಿ, ಕೆಳಗಿನಿಂದ ಮಾತ್ರ ಅಲ್ಲ, ಚಾನಲ್‌ನ ಒಳಮೈಗೆ, ಹಿಂದಿನ ಚಕ್ರದ ಮೇಲೆ ಚಾಸಿ ಬಿಲ್ಲಿನಂತೆ ಏಳುವ ಜಾಗಕ್ಕೆ, ಡೆಕ್ಕು ಮತ್ತು ಚಾಸಿ ನಡುವಿನ ಸಂದಿಗೆ ನೀರು ಹೊಡೆಯಲು ನೀವೇ ನಿಂತು ಹೇಳಿ. ಹುಡುಗರು ಮೇಲೆ ಮೇಲೆ ಹೊಡೆದು ಕಳಿಸುತ್ತಾರೆ. ನೀರು ಸಿಹಿಯಾಗಿದ್ದರೆ ಒಳ್ಳೆಯದು.

ಚಾನಲ್ ಎರಡು ಥರ ಇರುತ್ತದೆ. ಒಂದು ಕಡೆ ಬಾಯಿ ತೆರೆದ ಸಿ ಚಾನಲ್, ಇನ್ನೊಂದು ನಾಲ್ಕೂ ಕಡೆ ಮುಚ್ಚಿದ ಬಾಕ್ಸ್ ಚಾನಲ್. ಎಷ್ಟೋ ಗಾಡಿಯಲ್ಲಿ ಒಂದೇ ಚಾಸಿಯಲ್ಲಿ ಎರಡೂ ಇರುತ್ತವೆ. ಸಿ ಚಾನಲ್ ಕಣ್ಣಿಗೆ ಕಾಣುತ್ತದೆ, ಮೋಸ ಮಾಡುವುದು ಬಾಕ್ಸ್. ಅದರ ತಳದಲ್ಲಿ ನೀರು ಹೋಗಲು ಕಂಪನಿಯವರು ತೂತು ಬಿಟ್ಟಿರುತ್ತಾರೆ. ಹಳೇ ಗಾಡಿಯಲ್ಲಿ ಆ ತೂತು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಮಣ್ಣು ಇಲ್ಲವೇ ಅಂಡರ್‌ಬಾಡಿ ಕೋಟಿಂಗ್ ತುಂಬಿ ಮುಚ್ಚಿರುತ್ತದೆ. ಗಟ್ಟಿ ತಂತಿ ಹಾಕಿ ಕೆದಕಿ. ಮೊದಲು ಒಣ ಪುಡಿ ಉದುರುತ್ತದೆ, ಆಮೇಲೆ ಹೆಂಟೆ, ಅದರ ಹಿಂದೆ ಕಪ್ಪು ಕೆಂಪು ಬೆರೆತ ಕೆಸರು ಬೆರಳಿಗೆ ತಣ್ಣಗೆ ಹತ್ತುತ್ತದೆ. ಬೇಸಿಗೆಯಲ್ಲೂ ಒಳಗೆ ಹೀಗೆ ಒದ್ದೆ ಇದ್ದರೆ ಅರ್ಥ ಮಾಡಿಕೊಳ್ಳಿ. ಆ ಕೆಸರನ್ನು ಬೆರಳಲ್ಲಿ ಉಜ್ಜಿದಾಗ ಗರಗರ ಅನ್ನುವ ಕಪ್ಪು ಚಕ್ಕೆ ಸಿಕ್ಕರೆ ಅದು ಮಣ್ಣಲ್ಲ, ನಿಮ್ಮ ಚಾಸಿ.

ಪೈಪನ್ನು ಬಾಕ್ಸ್‌ನ ಒಂದು ತುದಿಯಲ್ಲಿ ಇಟ್ಟು ಇನ್ನೊಂದು ಕಡೆ ತಿಳಿ ನೀರು ಬರುವವರೆಗೆ ಬಿಡಿ. ಬೇಸರ ಮಾಡಿಕೊಳ್ಳಬೇಡಿ, ಇದು ಉದ್ದದ ಕೆಲಸ. ಆಮೇಲೆ ಕಂಪ್ರೆಸರ್ ಗಾಳಿ ಹೊಡೆದು ಬಿಸಿಲಲ್ಲಿ ಒಂದೆರಡು ದಿನ ನಿಲ್ಲಿಸಿ.

ಈಗ ಅರ್ಧ ಕೆಜಿ ಸುತ್ತಿಗೆ ತಗೊಂಡು ಮುಂದಿನಿಂದ ಹಿಂದಕ್ಕೆ ಗೇಣಿಗೊಂದು ಸಲ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅಂತ ಎದುರು ಮಾತಾಡುತ್ತದೆ, ಸುತ್ತಿಗೆ ಕೈಯಲ್ಲಿ ಎಗರುತ್ತದೆ. ತಿಂದುಹೋದ ಜಾಗದಲ್ಲಿ ಡಬ್ ಅನ್ನುತ್ತದೆ, ಸುತ್ತಿಗೆ ಅಲ್ಲೇ ಕೂರುತ್ತದೆ, ಚಕ್ಕೆ ಮುಖದ ಮೇಲೆ ಉದುರುತ್ತದೆ. ಕನ್ನಡಕ ಹಾಕದೆ ಕೆಳಗೆ ಮಲಗಬೇಡಿ. ಡಬ್ ಅಂದ ಕಡೆ ಹಳೇ ಸ್ಕ್ರೂಡ್ರೈವರ್ ಇಟ್ಟು ಒತ್ತಿ, ತಿರುವಿ. ಒಳಗೆ ಇಳಿದರೆ ಸುತ್ತ ಸೀಮೆಸುಣ್ಣದಲ್ಲಿ ಗುಂಡು ಹಾಕಿ. ಫೋನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಗ್ಯಾರೇಜಿನಲ್ಲಿ ಮಾತಾಡುವಾಗ ಬೇಕಾಗುತ್ತದೆ.

ತಟ್ಟಲೇಬೇಕಾದ ಜಾಗಗಳು: ಹಿಂದಿನ ಪಟ್ಟೆಯ ಮುಂಭಾಗದ ಹ್ಯಾಂಗರ್, ಹಿಂಭಾಗದ ಶ್ಯಾಕಲ್ (ಪಟ್ಟೆಯ ಹಿಂತುದಿ ನೇತಾಡುವ ಕೊಂಡಿ), ಅವುಗಳ ಸುತ್ತ ಒಂದು ಅಡಿ. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ. ಕ್ರಾಸ್ ಮೆಂಬರ್ (ಅಡ್ಡ ತೊಲೆ) ಬಂದು ಉದ್ದದ ಚಾನಲ್‌ಗೆ ಸೇರುವ ಮೂಲೆಗಳು. ಮತ್ತೆ ಎರಡು ಪ್ಲೇಟ್ ಒಂದರ ಮೇಲೊಂದು ಕೂತಿರುವ ಕಡೆ. ಈ ಕೊನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ. ಎರಡು ಪ್ಲೇಟಿನ ನಡುವೆ ನೀರು ನುಗ್ಗಿ ತುಕ್ಕು ಬೆಳೆದರೆ ಅದು ಪ್ಲೇಟನ್ನೇ ಹೊರಕ್ಕೆ ತಳ್ಳುತ್ತದೆ, ರಿವೆಟ್ಟಿನ ಎರಡೂ ಕಡೆ ಪ್ಲೇಟು ಉಬ್ಬಿ ರಿವೆಟ್ ಮಾತ್ರ ಗುಳಿಯಲ್ಲಿ ಕೂತಂತೆ ಕಾಣುತ್ತದೆ. ಹೊರಗಿನಿಂದ ಪೇಂಟ್ ಚೆನ್ನಾಗೇ ಇರಬಹುದು. ಅಂಥ ಕಡೆ ಸುಮ್ನೆ ಹೊರಗಿನಿಂದ ಬಳಿದು ಬಿಟ್ಟರೆ ಏನೂ ಪ್ರಯೋಜನ ಇಲ್ಲ, ಪ್ಲೇಟ್ ಬಿಚ್ಚಲೇಬೇಕು.

ರಿಪೇರಿಯೋ ಗುಜರಿಯೋ

ಇದನ್ನು ದುಡ್ಡು ಖರ್ಚು ಮಾಡುವ ಮುಂಚೆ ತೀರ್ಮಾನ ಮಾಡಿ. ನಾನು ನೋಡುವ ರೀತಿ ಹೀಗೆ. ಮೇಲ್ಮೈ ತುಕ್ಕು, ತಟ್ಟಿದರೆ ಟಣ್ ಅನ್ನುತ್ತದೆ, ವೈರ್ ಬ್ರಷ್ ಹೊಡೆದರೆ ಬೆಳ್ಳಗೆ ಲೋಹ ಬರುತ್ತದೆ ಅಂದರೆ ವೆಲ್ಡಿಂಗ್ ಬೇಡ, ಪೇಂಟ್ ಸಾಕು. ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ನೋಡಿದಾಗ ಒಳ್ಳೆಯ ಜಾಗಕ್ಕಿಂತ ಕಾಲು ಭಾಗಕ್ಕೂ ಜಾಸ್ತಿ ದಪ್ಪ ಹೋಗಿದ್ದರೆ, ಇಲ್ಲಾ ತೂತು ಬಿದ್ದಿದ್ದರೆ, ಆ ತುಂಡು ಕತ್ತರಿಸಿ ಪ್ಲೇಟ್ ಹಾಕಬೇಕು. ಬಾಕ್ಸ್ ಚಾನಲ್‌ಗೆ ವರ್ನಿಯರ್ ಹಿಡಿಯಲು ಆಗುವುದಿಲ್ಲ, ಅಲ್ಟ್ರಾಸಾನಿಕ್ ದಪ್ಪ ಅಳೆಯುವ ಮೀಟರ್ ಇರುವವರನ್ನು ಹುಡುಕಿ. ನರಸಾಪುರ, ಮಾಲೂರು ಕಡೆ ಫ್ಯಾಕ್ಟರಿಗಳು ತುಂಬಾ ಇವೆ, ಅಲ್ಲಿ ಮೇಂಟೆನೆನ್ಸ್ ಕೆಲಸ ಮಾಡುವ ಪರಿಚಯದವರು ಯಾರಾದರೂ ಇದ್ದರೆ ಕೇಳಿ ನೋಡಿ.

ಎರಡೂ ಕಡೆಯ ಉದ್ದ ಚಾನಲ್ ಎದುರುಬದುರಾಗಿ ಒಂದೇ ಜಾಗದಲ್ಲಿ ತಿಂದುಹೋಗಿದ್ದರೆ, ಸ್ಟೀರಿಂಗ್ ಬಾಕ್ಸ್ ಹಿಡಿದಿರುವ ಕಬ್ಬಿಣವೇ ಮೆತ್ತಗಾಗಿದ್ದರೆ, ಅಥವಾ ಚಾಸಿ ಮೇಲೆ ಈಗಾಗಲೇ ಪ್ಲೇಟ್ ಮೇಲೆ ಪ್ಲೇಟ್ ಕೂತಿದ್ದರೆ ಬಿಟ್ಟುಬಿಡಿ. ಇದು ನನ್ನ ಖಡಾಖಂಡಿತ ಅಭಿಪ್ರಾಯ. ಇಂಜಿನ್ ಚೆನ್ನಾಗಿದೆ ಅನ್ನೋ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಇಂಜಿನ್ ಕೂತಿರುವುದು ಚಾಸಿ ಮೇಲೆ ತಾನೇ. ಬೇರೆ ಚಾಸಿ ತಂದು ಹಾಕುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಅನುಮತಿ, ಆಮೇಲೆ ಸ್ಪ್ಯಾನರ್. ಆರ್‌ಸಿಯಲ್ಲಿ ಇರುವುದು ಚಾಸಿ ನಂಬರ್, ಅದು ಬದಲಾದರೆ ಕಾಗದದ ಲೆಕ್ಕದಲ್ಲಿ ಗಾಡಿಯೇ ಬೇರೆ. ಗುಜರಿಗೆ ಹಾಕುವುದಾದರೂ ರಸ್ತೆ ಬದಿಯ ಅಂಗಡಿಗೆ ತೂಕಕ್ಕೆ ಕೊಟ್ಟು ಸುಮ್ಮನಾಗಬೇಡಿ. 2021ರ ನಿಯಮದ ಪ್ರಕಾರ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳು ಗಾಡಿ ಒಪ್ಪಿಸಿದ್ದಕ್ಕೆ 'ಸರ್ಟಿಫಿಕೇಟ್ ಆಫ್ ಡೆಪಾಸಿಟ್' ಕೊಡುತ್ತವೆ, ಅದನ್ನು ಇಟ್ಟುಕೊಂಡು ಆರ್‌ಸಿ ರದ್ದು ಮಾಡಿಸಿ. ಇಲ್ಲದಿದ್ದರೆ ನಿಮ್ಮ ನಂಬರ್ ಎಲ್ಲೋ ಓಡಾಡಿಕೊಂಡಿರುತ್ತದೆ.

ಅಂದ ಹಾಗೆ ಚಾಸಿ ನಂಬರ್ ಕೊರೆದಿರುವ ಜಾಗ ಗೊತ್ತು ಮಾಡಿಕೊಂಡು ಅದರ ಮೇಲೆ ಟೇಪ್ ಅಂಟಿಸಿ. ಅಲ್ಲಿ ಗ್ರೈಂಡರ್ ಬೇಡ, ವೆಲ್ಡಿಂಗ್ ಬೇಡ, ದಪ್ಪ ಪೇಂಟೂ ಬೇಡ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಕೆಲಸ ಮುಗಿದ ಮೇಲೆ ತೆಳ್ಳಗೆ ಗ್ರೀಸ್ ಸವರಿದರೆ ಸಾಕು. ನಂಬರ್ ಅಳಿಸಿಹೋದರೆ ಆಗುವ ಓಡಾಟಕ್ಕಿಂತ ತುಕ್ಕೇ ಮೇಲು.

ಬಿಚ್ಚುವುದು

ಬಾಡಿ ಕೆಳಗಿಳಿಸಿದರೆ ಅರ್ಧ ಕೆಲಸ ಆದಂತೆ. ಡೆಕ್ಕನ್ನು ಚಾಸಿಗೆ ಹಿಡಿದಿರುವ ಯು ಬೋಲ್ಟ್, ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬಾರದಿದ್ದರೆ ಗ್ರೈಂಡರ್‌ನಲ್ಲಿ ಕತ್ತರಿಸಿ ಹೊಸದು ಹಾಕುವುದೇ ವಾಸಿ. ಗ್ಯಾಸ್ ಕಟರ್ ತೋರಿಸಿ ಕಾಯಿಸುವ ಚಾಳಿ ಇರುವವರನ್ನು ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಹತ್ತಿರ ಬಿಡಬೇಡಿ. ಚೈನ್ ಬ್ಲಾಕ್ ಇದ್ದರೆ ಎತ್ತುವುದು ಸಲೀಸು. ಬಾಡಿ ಎತ್ತಿದಾಗ ಚಾಸಿ ಮೇಲೆ ಕೂತಿದ್ದ ರಬ್ಬರ್ ಅಥವಾ ಮರದ ಪಟ್ಟಿ ಕಾಣುತ್ತದೆ, ಅದರ ಅಡಿಯೇ ಎಲ್ಲಕ್ಕಿಂತ ಜಾಸ್ತಿ ತುಕ್ಕು. ನೀರು ಹೀರಿಕೊಂಡು ಕೂತಿರುವ ಆ ಹಳೇ ಪಟ್ಟಿಗಳನ್ನು ಮತ್ತೆ ಹಾಕಬೇಡಿ.

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ, ಚಕ್ರಕ್ಕೆ ಅಡ್ಡ ಕೊಟ್ಟು, ತೂಕ ತಡೆಯುವ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಸಿಮೆಂಟ್ ಇಟ್ಟಿಗೆ, ಸೈಜುಗಲ್ಲು ಪೇರಿಸಿ ಅದರ ಕೆಳಗೆ ನುಗ್ಗುವುದನ್ನು ನಾನು ದಿನಾ ನೋಡುತ್ತೇನೆ. ಇಟ್ಟಿಗೆ ಹೇಳಿ ಒಡೆಯುವುದಿಲ್ಲ. ಬರೀ ಜಾಕಿ ನಂಬುವುದೂ ಅಷ್ಟೇ. ಕತ್ತರಿಸುವ ಜಾಗದ ಹಿಂದೆ ಮುಂದೆ ಎರಡೂ ಕಡೆ ಚಾಸಿಗೆ ಆಧಾರ ಇರಬೇಕು, ಇಲ್ಲದಿದ್ದರೆ ಕತ್ತರಿಸಿದ ತಕ್ಷಣ ಅದು ಬಾಗುತ್ತದೆ, ಬಾಗಿದ್ದನ್ನು ಹಾಗೇ ವೆಲ್ಡ್ ಮಾಡಿ ಕೂರಿಸಿದರೆ ಗಾಡಿ ಜನ್ಮದಲ್ಲಿ ನೆಟ್ಟಗೆ ಓಡುವುದಿಲ್ಲ. ಕತ್ತರಿಸುವ ಮುಂಚೆ ಚಾಸಿಯ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಟೇಪ್ ಹಿಡಿದು ಎರಡೂ ಅಳತೆ ಬರೆದುಕೊಳ್ಳಿ. ವೆಲ್ಡಿಂಗ್ ಮಧ್ಯೆ ಮಧ್ಯೆ ಮತ್ತೆ ಅಳೆಯಿರಿ.

ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ. ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದ ಡೀಸೆಲ್) ಇಂಜಿನ್ ಆಗಿದ್ದರೆ ಇಸಿಯು, ಅಂದರೆ ಆ ಕಂಪ್ಯೂಟರ್ ಪೆಟ್ಟಿಗೆಯ ಕನೆಕ್ಟರ್ ತೆಗೆಯಿರಿ, ಆಲ್ಟರ್ನೇಟರ್ ವೈರೂ ಬಿಚ್ಚಿಡಿ. ವೆಲ್ಡಿಂಗ್ ಮಾಡುವ ಜಾಗದ ಹತ್ತಿರ ಹಾದುಹೋಗುವ ವೈರು, ಬ್ರೇಕ್ ಪೈಪ್, ಡೀಸೆಲ್ ಪೈಪ್ ಎಲ್ಲಾ ಪಕ್ಕಕ್ಕೆ ಸರಿಸಿ ಕಟ್ಟಿ. ಟ್ಯಾಂಕ್ ಪಕ್ಕದಲ್ಲೇ ಕೆಲಸ ಇದ್ದರೆ ಟ್ಯಾಂಕನ್ನೇ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ಅಂದರೆ ಸೇಫ್ ಅಂದುಕೊಳ್ಳಬೇಡಿ, ಒಳಗಿನ ಆವಿಗೇ ಬೆಂಕಿ ಹತ್ತುವುದು. ಬೆಂಕಿ ಆರಿಸುವ ಸಿಲಿಂಡರ್, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ತುಕ್ಕು ತೆಗೆಯುವುದು, ಪ್ಲೇಟ್ ಕೂರಿಸುವುದು

ದಪ್ಪ ಚಕ್ಕೆಯನ್ನು ಸುತ್ತಿಗೆ, ಉಳಿಯಲ್ಲೇ ಎಬ್ಬಿಸಿ. ಗ್ರೈಂಡರ್‌ಗೆ ವೈರ್ ಕಪ್ ಹಾಕಿಕೊಂಡು ಆಮೇಲೆ ಹೊಡೆಯಿರಿ. ಮೂಗಿಗೆ ಮಾಸ್ಕ್ ಬೇಕು. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ, ಮೂಲೆ ಮುಡುಕಿನಲ್ಲೂ ಹೋಗುತ್ತದೆ. ಬ್ಲಾಸ್ಟಿಂಗ್ ಆದ ಮೇಲೆ ಅವತ್ತೇ ಪ್ರೈಮರ್ ಬೀಳಬೇಕು. ನಾಳೆ ಅಂದರೆ ಮತ್ತೆ ಕೆಂಪು.

ಪ್ಲೇಟ್ ವಿಷಯದಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಒಂದು ನಂಬಿಕೆ ಇದೆ, ದಪ್ಪ ಇದ್ದಷ್ಟೂ ಗಟ್ಟಿ ಅಂತ. ಲಾರಿ ಚಾಸಿಯ ತುಂಡು ತಂದು ಪಿಕಪ್‌ಗೆ ಅಂಟಿಸುತ್ತಾರೆ. ಚಾಸಿ ಲೋಡ್ ಬಿದ್ದಾಗ ಸ್ವಲ್ಪ ಬಳುಕಬೇಕು. ಒಂದು ಜಾಗ ಮಾತ್ರ ಬಂಡೆಯಂತೆ ಬಿಗಿಯಾದರೆ ಆ ಬಿಗಿ ಎಲ್ಲಿ ಮುಗಿಯುತ್ತದೋ ಅಲ್ಲೇ ಬಿರುಕು. ಹಾಗಾಗಿ ಇರುವ ಚಾಸಿಯಷ್ಟೇ ದಪ್ಪದ ಪ್ಲೇಟ್ ತಗೊಳ್ಳಿ, ಅಳೆದು ನೋಡಿ ತಗೊಳ್ಳಿ. ಚಾಸಿ ಉಕ್ಕು ಮನೆ ಗೇಟಿನ ಕಬ್ಬಿಣಕ್ಕಿಂತ ಗಟ್ಟಿ ದರ್ಜೆಯದು. ಅಂಗಡಿಯಲ್ಲಿ ಸುಮ್ನೆ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಅಂತ ಕೇಳಿದರೆ ಸಾಮಾನ್ಯವಾಗಿ ಐಎಸ್ 2062ರ ಇ250 ದರ್ಜೆ ಕೊಡುತ್ತಾರೆ, ನೀವು ಅದಕ್ಕಿಂತ ಗಟ್ಟಿಯಾದ ಇ350 ಕೇಳಿ.

ತೂತಿನ ಮೇಲೆ ಪ್ಲೇಟ್ ಮುಚ್ಚಿ ಸುತ್ತ ವೆಲ್ಡ್ ಹೊಡೆಯುವುದು ರಿಪೇರಿ ಅಲ್ಲ, ಒಳಗಿನ ತುಕ್ಕಿಗೆ ಬೆಚ್ಚಗೆ ಮನೆ ಕಟ್ಟಿಕೊಟ್ಟ ಹಾಗೆ. ಮೊದಲು ಕೆಟ್ಟ ಕಬ್ಬಿಣವನ್ನು ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಆ ಖಾಲಿ ಜಾಗಕ್ಕೆ ಸರಿಯಾಗಿ ಕೂರುವ ತುಂಡು ಮಾಡಿ ಅಂಚಿಗೆ ಅಂಚು ಸೇರಿಸಿ. ಅದರ ಮೇಲೆ ಬಲಕ್ಕೆ ಇನ್ನೊಂದು ಪ್ಲೇಟ್ ಬೇಕಾದರೆ ಚೌಕ ಬೇಡ, ಎರಡೂ ತುದಿ ಚೂಪಾಗಿ ಇಳಿಯುವ ಹಾಗೆ ಕತ್ತರಿಸಿ, ಮೂಲೆಗಳನ್ನು ಗುಂಡಗೆ ಮಾಡಿ. ಚೌಕ ಪ್ಲೇಟಿನ ತುದಿಯಲ್ಲಿ ವೆಲ್ಡ್ ಗೆರೆ ಚಾನಲ್‌ಗೆ ಅಡ್ಡವಾಗಿ ಮೇಲಿನಿಂದ ಕೆಳಗೆ ನಿಲ್ಲುತ್ತದೆ, ಚಾಸಿ ಸೀಳುವುದು ಆ ಗೆರೆಗುಂಟ. ಓರೆ ಗೆರೆಯಾದರೆ ಆ ಎಳೆತ ಹಂಚಿಹೋಗುತ್ತದೆ. ಪ್ಲೇಟ್ ನಡುವೆ 8ರಿಂದ 10 ಮಿಮೀ ತೂತು ಕೊರೆದು ಅದನ್ನು ವೆಲ್ಡ್‌ನಿಂದ ತುಂಬಿದರೆ ಪ್ಲೇಟ್ ಮಧ್ಯದಲ್ಲೂ ಹಿಡಿಯುತ್ತದೆ.

ಚಾನಲ್‌ನ ಮೇಲಿನ ಮತ್ತು ಕೆಳಗಿನ ಅಡ್ಡ ಪಟ್ಟಿಗಳೇ ಲೋಡಿನ ಎಳೆತ ಒತ್ತಡ ಹೊರುವುದು. ನಿಂತಿರುವ ಪಟ್ಟಿಯ ಮಧ್ಯಭಾಗಕ್ಕೆ ಅಷ್ಟು ಭಾರ ಇರುವುದಿಲ್ಲ. ಆದ್ದರಿಂದ ಬೋಲ್ಟ್‌ಗೆ ತೂತು ಕೊರೆಯುವುದಿದ್ದರೆ ನಿಂತ ಪಟ್ಟಿಯಲ್ಲಿ ಕೊರೆಯಿರಿ. ಮೇಲೆ ಕೆಳಗೆ ಅಡ್ಡ ಪಟ್ಟಿಗೆ ಡ್ರಿಲ್ ಹಾಕಬೇಡಿ, ಆ ಪಟ್ಟಿಯ ಅಂಚಿಗೆ ವೆಲ್ಡ್ ಮುಟ್ಟಿಸಬೇಡಿ. ಅಡ್ಡ ಪಟ್ಟಿಯೇ ತಿಂದುಹೋಗಿದೆ ಅಂದರೆ ಅದು ಚಾಸಿ ಕೆಲಸ ಮಾಡಿ ಪಳಗಿದವರ ಕೈಗೆ ಹೋಗಬೇಕಾದ ಗಾಡಿ. ಕಿಟಕಿ ಗ್ರಿಲ್ ಮಾಡುವವರು ಎಷ್ಟೇ ಚೆನ್ನಾಗಿ ಗೆರೆ ಎಳೆದರೂ ಈ ಕೆಲಸ ಬೇರೆ.

ವೆಲ್ಡಿಂಗ್ ರಾಡ್ ಯಾವುದು ಅಂತ ನೀವೇ ಕೇಳಿ. ಮಾಮೂಲಿ 6013 ಎಲ್ಲರ ಹತ್ತಿರ ಇರುತ್ತದೆ, ತೆಳು ತಗಡಿಗೆ ಚೆನ್ನ. ಚಾಸಿಗೆ 7018 ಹಾಕಿಸಿ, ಅದರ ವೆಲ್ಡ್ ಬಿರುಕು ಬಿಡುವುದು ಕಡಿಮೆ. ಆದರೆ ಈ ರಾಡ್‌ಗೆ ತೇವ ಆಗದು. ಮಳೆಗಾಲದಿಂದ ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿರುವ ಪ್ಯಾಕೆಟ್ ಬೇಡ, ಸೀಲ್ ಇರುವ ಹೊಸ ಪ್ಯಾಕೆಟ್ ನೀವೇ ತಂದುಕೊಡಿ, ಒಂದು ಗಾಡಿಗೆ ಅದೇನು ದೊಡ್ಡ ಖರ್ಚಲ್ಲ. ಡಿಸಿ ಕೊಡುವ ಇನ್ವರ್ಟರ್ ಮೆಷಿನ್ ಇರಬೇಕು. ಸಿಒಟು ಗ್ಯಾಸಿನ ಮಿಗ್ ಮೆಷಿನ್ (ರಾಡ್ ಬದಲು ವೈರ್ ಬಿಡುವ ವೆಲ್ಡಿಂಗ್ ಮೆಷಿನ್) ಇದ್ದರೆ ಅದೂ ಸರಿ, ಗಾಳಿ ಬೀಸುವ ಬಯಲಲ್ಲಿ ಮಾತ್ರ ಬೇಡ.

ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ, ಉಜ್ಜಿದ ಲೋಹಕ್ಕೆ ಹಾಕಿ. ಪಟ್ಟೆಗೆ, ಆಕ್ಸಲ್‌ಗೆ ಹಾಕಬೇಡಿ. ಬೇರಿಂಗ್ ಮೂಲಕ ಕರೆಂಟ್ ಹಾದರೆ ಬೇರಿಂಗ್ ಹಾಳು. ಪಟ್ಟೆಯ ಉಕ್ಕಿಗೆ ಒಂದು ಕಿಡಿ ಚುಚ್ಚಿದರೂ ಅದೇ ಗುರುತಿನಿಂದ ಮುಂದೆ ಪಟ್ಟೆ ಮುರಿಯಬಹುದು, ಒದ್ದೆ ಗೋಣಿಚೀಲ ಹೊದಿಸಿಡಿ. ಒಂದೇ ಉಸಿರಿಗೆ ಉದ್ದ ವೆಲ್ಡ್ ಎಳೆಯುವುದಲ್ಲ. ಒಂದು ಇಂಚು ಇಲ್ಲಿ, ಒಂದು ಇಂಚು ಎದುರು ಕಡೆ, ಮತ್ತೆ ತಣ್ಣಗಾಗಲು ಬಿಡಿ. ನೀರು ಎರಚಿ ತಣ್ಣಗೆ ಮಾಡಿದರೆ ಉಕ್ಕು ಗಡಸಾಗಿ ಗಾಜಿನಷ್ಟು ಪೆಡಸಾಗುತ್ತದೆ. ಎಷ್ಟೋ ಕಡೆ ಅವಸರಕ್ಕೆ ಮಗ್ಗಿನಲ್ಲಿ ನೀರು ಹಿಡಿದುಕೊಂಡೇ ನಿಂತಿರುತ್ತಾರೆ. ಬೇಡ ಅನ್ನಿ. ಟೀ ಕುಡಿಯಲು ಕರೆದುಕೊಂಡು ಹೋಗಿ, ಅಷ್ಟರಲ್ಲಿ ತಣ್ಣಗಾಗುತ್ತದೆ.

ಪೇಂಟ್

ಎಲ್ಲಾ ಆದ ಮೇಲೆ ಸ್ಲ್ಯಾಗ್ (ವೆಲ್ಡ್ ಮೇಲೆ ಕಟ್ಟುವ ಗಟ್ಟಿ ಪೊರೆ) ಕುಟ್ಟಿ ತೆಗೆದು, ಬ್ರಷ್ ಹೊಡೆದು, ಥಿನ್ನರ್‌ನಲ್ಲಿ ಒರೆಸಿ. ಇಲ್ಲಿ ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. ಝಿಂಕ್ ಪ್ರೈಮರ್ ಕೆಲಸ ಮಾಡಬೇಕಾದರೆ ಅದು ಬರೀ ಲೋಹಕ್ಕೆ ತಾಗಬೇಕು. ಝಿಂಕ್ ತಾನು ಸವೆದು ಕಬ್ಬಿಣ ಉಳಿಸುತ್ತದೆ, ನಡುವೆ ಬೇರೆ ಪದರ ಇದ್ದರೆ ಆ ಸಂಬಂಧವೇ ಇಲ್ಲ. ಹಾಗಾಗಿ ಬೆಳ್ಳಗೆ ಉಜ್ಜಿದ ಜಾಗ, ಹೊಸ ಪ್ಲೇಟ್, ವೆಲ್ಡ್ ಗೆರೆಗಳಿಗೆ ಝಿಂಕ್ ಪ್ರೈಮರ್. ಬ್ರಷ್ ಹೋಗದ ಮೂಲೆಯಲ್ಲಿ ಬಿಗಿಯಾಗಿ ಅಂಟಿಕೊಂಡ ತೆಳು ತುಕ್ಕು ಉಳಿದಿರುತ್ತದಲ್ಲ, ಅಲ್ಲಿಗೆ ರಸ್ಟ್ ಕನ್ವರ್ಟರ್. ಅದರಲ್ಲಿರುವ ಫಾಸ್ಫಾರಿಕ್ ಇಲ್ಲವೇ ಟ್ಯಾನಿಕ್ ಆಸಿಡ್ ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುತ್ತದೆ, ಟ್ಯಾನಿಕ್ ಆದರೆ ಕಪ್ಪಗಾಗುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ ಅದರ ಮೇಲೆ ಎಪಾಕ್ಸಿ ಪ್ರೈಮರ್. ಚಕ್ಕೆ ಏಳುವ ತುಕ್ಕಿನ ಮೇಲೆ ಕನ್ವರ್ಟರ್ ಸುರಿದರೆ ದುಡ್ಡು ದಂಡ, ಮೇಲಿನ ಪದರ ಮಾತ್ರ ಬದಲಾಗಿ ಕೆಳಗೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಿರುತ್ತದೆ.

ರೆಡ್ ಆಕ್ಸೈಡ್ ಸಾಕಾಗುವುದಿಲ್ಲವಾ ಅಂದರೆ, ಕಿಟಕಿ ಸರಳಿಗೆ ಸಾಕು. ಗೊಬ್ಬರದ ನೀರು ಬೀಳುವ ಚಾಸಿಗೆ ಎರಡು ಡಬ್ಬಿಯ ಎಪಾಕ್ಸಿಯೇ ಬೇಕು. ಎರಡನ್ನೂ ಅಳತೆ ಲೋಟದಲ್ಲಿ ಅಳೆದು ಬೆರೆಸಿ, ಕಣ್ಣಂದಾಜು ಬೇಡ. ಬೆರೆಸಿದ ಮೇಲೆ ಗಟ್ಟಿಯಾಗುವ ಮುಂಚೆ ಬಳಸಿ ಮುಗಿಸಬೇಕು, ಆದ್ದರಿಂದ ಬೇಕಾದಷ್ಟೇ ಬೆರೆಸಿಕೊಳ್ಳಿ. ಮೇಲೆ ಕಪ್ಪು ಟಾಪ್ ಕೋಟ್.

ಹೊರಗೆ ಇಷ್ಟು ಮಾಡಿ ಬಾಕ್ಸ್ ಒಳಗೆ ಬಿಟ್ಟರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ. ವೆಲ್ಡಿಂಗ್ ಶಾಖಕ್ಕೆ ಒಳಮೈಯ ಪೇಂಟ್ ಸುಟ್ಟಿರುತ್ತದೆ. ಉದ್ದ ಪೈಪಿನ ನಳಿಕೆ ಇರುವ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗದ ಒಳಗೆ ಹೊಡೆಯುವ ಮೇಣದ ಸ್ಪ್ರೇ) ತಂದು ತೂತುಗಳಿಂದ ಒಳಗೆ ಹೊಡೆಯಿರಿ, ನಳಿಕೆಯನ್ನು ಹಿಂದಕ್ಕೆ ಎಳೆಯುತ್ತಾ. ಅದು ಬೆಂಕಿ ಹತ್ತುವ ವಸ್ತು. ವೆಲ್ಡಿಂಗ್ ಎಲ್ಲಾ ಮುಗಿದು ಚಾಸಿ ತಣ್ಣಗಾದ ಮೇಲೆಯೇ ಹೊಡೆಯಬೇಕು. ಕೆಳಗಿನ ತೂತಿನಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಸರಿಯಾಗಿ ಹೋಗಿದೆ ಅಂತ, ಆಮೇಲೆ ತಂತಿ ಹಾಕಿ ಆ ತೂತನ್ನು ಮತ್ತೆ ಬಿಡಿಸಿ.

ಹಳೇ ಇಂಜಿನ್ ಆಯಿಲ್ ಹೊಡೆಯುವುದು ನಮ್ಮ ಕಡೆ ಹಳೇ ಪದ್ಧತಿ. ತುಕ್ಕು ಸ್ವಲ್ಪ ತಡೆಯುತ್ತದೆ ಅನ್ನೋದು ನಿಜ. ಆದರೆ ಅದು ರಬ್ಬರ್ ಬುಷ್, ಬ್ರೇಕ್ ಹೋಸ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಧೂಳನ್ನು ಹಿಡಿದಿಡುತ್ತದೆ, ಮಳೆ ಬಂದರೆ ತೊಟ್ಟಿಕ್ಕಿ ನಿಮ್ಮದೇ ಹೊಲಕ್ಕೆ ಇಳಿಯುತ್ತದೆ. ಡಾಂಬರಿನಂಥ ಅಂಡರ್‌ಬಾಡಿ ಕೋಟಿಂಗ್ ತುಕ್ಕಿನ ಮೇಲೆ ಹೊಡೆಸಿದರೆ ಇನ್ನೂ ಕೆಟ್ಟದ್ದು. ಅದು ಬಿರುಕು ಬಿಟ್ಟ ಕಡೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಮತ್ತೆ ಲೋಡಿಗೆ

ಬಾಡಿ ಕೂರಿಸುವಾಗ ಹೊಸ ರಬ್ಬರ್ ಪಟ್ಟಿ, ಹೊಸ ಬೋಲ್ಟ್. ಹ್ಯಾಂಗರ್, ಕ್ರಾಸ್ ಮೆಂಬರ್‌ಗೆ 8.8 ಅಥವಾ ಮೊದಲು ಇದ್ದ ದರ್ಜೆಯದೇ ಬೋಲ್ಟ್ ಹಾಕಿ, ತಲೆಯ ಮೇಲೆ ನಂಬರ್ ಇರುತ್ತದೆ. ನಂಬರ್ ಇಲ್ಲದ ಬೋಲ್ಟ್ ಬೇಡ. ಕಂಪನಿ ರಿವೆಟ್ ಅಥವಾ ಬೋಲ್ಟ್ ಹಾಕಿದ್ದ ಕಡೆ ವೆಲ್ಡ್ ಹೊಡೆದು ಮುಗಿಸುವುದೂ ಬೇಡ, ಅಲ್ಲಿ ಸ್ವಲ್ಪ ಆಟ ಇರಲಿ ಅಂತಲೇ ಹಾಗೆ ಮಾಡಿರುತ್ತಾರೆ.

ಡೆಕ್ಕಿನ ಮೇಲೆ ದಪ್ಪ ಟಾರ್ಪಾಲಿನ್ ಹಾಸಿ, ಅಂಚನ್ನು ಹಿಂದಿನ ಬಾಗಿಲಿನಿಂದ ಹೊರಗೆ ಇಳಿಬಿಡಿ, ಟೊಮೆಟೊ ರಸ ಚಾಸಿ ಮೇಲೆ ಬೀಳದೆ ರಸ್ತೆಗೆ ಹೋಗುತ್ತದೆ. ಗೊಬ್ಬರ ಸಾಗಿಸಿದ ದಿನವೇ ಡೆಕ್ಕನ್ನು ಮೊದಲು ಒಣಗಿದ್ದಾಗಲೇ ಪೊರಕೆಯಲ್ಲಿ ಗುಡಿಸಿ, ಆಮೇಲೆ ತೊಳೆಯಿರಿ. ನೇರ ನೀರು ಹೊಡೆದರೆ ಉದುರಿದ ಪೊಟ್ಯಾಷ್ ಕರಗಿ ಅದೇ ಸಂದಿಗಳಿಗೆ ಇಳಿಯುತ್ತದೆ. ತೊಳೆದ ಮೇಲೆ ಗಾಡಿಯ ಮುಂಭಾಗ ಸ್ವಲ್ಪ ಏರಿನಲ್ಲಿರುವ ಹಾಗೆ ನಿಲ್ಲಿಸಿದರೆ ಬಾಕ್ಸ್ ಒಳಗಿನ ನೀರು ಹಿಂದಕ್ಕೆ ಬಸಿದುಹೋಗುತ್ತದೆ. ಅಕ್ಟೋಬರ್ ಮಳೆ ನಿಂತ ಮೇಲೆ ಒಂದು ಸಲ ತೂತುಗಳಿಗೆ ತಂತಿ ಹಾಕಿ ನೋಡಿ.

ಮೊದಲ ಎರಡು ಮೂರು ಟ್ರಿಪ್ ಅರ್ಧ ಲೋಡ್ ಹಾಕಿ ಓಡಿಸಿ. ವಾಪಸ್ ಬಂದ ಮೇಲೆ ಎಲ್ಲಾ ಯು ಬೋಲ್ಟ್, ಹ್ಯಾಂಗರ್ ಬೋಲ್ಟ್ ಮತ್ತೆ ಬಿಗಿ ಮಾಡಿ, ಹೊಸ ರಬ್ಬರ್ ಅಮುಕಿಕೊಂಡು ಅವು ಸಡಿಲ ಆಗಿರುತ್ತವೆ. ವೆಲ್ಡ್ ಗೆರೆಯ ಪಕ್ಕದ ಪೇಂಟನ್ನು ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಷ್ಟು ಗೆರೆ ಬಿಟ್ಟು ಅದರಿಂದ ಕಂದು ನೀರು ಇಳಿದ ಗುರುತಿದ್ದರೆ ಅಲ್ಲಿ ಬಿರುಕು ಶುರುವಾಗಿದೆ. ಅದರ ಮೇಲೆ ಪೇಂಟ್ ಬಳಿಯದೆ ಹಾಗೇ ವೆಲ್ಡರ್‌ಗೆ ತೋರಿಸಿ, ಲೋಡ್ ಹಾಕುವುದನ್ನು ಅಲ್ಲಿಗೆ ನಿಲ್ಲಿಸಿ.